ಕೋಡ್ಲಾ ಗಣಿಯ ಫೋಟೋ: ಚೆಂದ ಬಂದ್ರೆ ಸಾಕಾ?

ಕಳೆದ ರಜೆಯಲ್ಲಿ ನಾವು ಮೂವರು ರೂಮ್‌ಮೇಟ್‌ಗಳು ಕ್ಯಾಮೆರಾ ಹಿಡಿದು ಸೇಡಂ ತಾಲೂಕಿನ ಕೋಡ್ಲಾಕ್ಕೆ ಹೋಗಿದ್ವಿ. ನಮ್ಮಲ್ಲೊಬ್ಬನ ಕಾಕಾ ಅಲ್ಲಿದ್ದಾರೆ. ಸುತ್ತ ತೊಗರಿ ಹೊಲ, ನಡುವೆ ಸಿಮೆಂಟ್ ಕಾರ್ಖಾನೆಯ ಗೋಪುರ, ಅದಕ್ಕೆ ಕಲ್ಲು ಕೊಡೋ ಗಣಿ. ರಸ್ತೆ ಬದಿಯಿಂದ ತೆಗೆದ ಒಂದು ಫೋಟೋವನ್ನ ಕಾಕಾಗೆ ತೋರಿಸಿದ್ವಿ. ಮೆಟ್ಟಿಲು ಮೆಟ್ಟಿಲಾಗಿ ಕಡಿದ ಕಲ್ಲು, ತಳದಲ್ಲಿ ಹಸಿರು ನೀರು.

"ಛಂದ ಬಂದದ. ಆದ್ರ ಇಲ್ಲಿ ನಮ್ಮ ಹೊಲ ಇತ್ತಂತ ನೋಡಿದವ್ರಿಗಿ ಹ್ಯಾಂಗ್ ಗೊತ್ತಾಗ್ಬೇಕೋ?" ಅಂದ್ರು.

ನಮ್ಮ ಹತ್ರ ಉತ್ತರ ಇರಲಿಲ್ಲ.

ಮೊದಲು ಕಲ್ಲಿನ ವಿಷಯ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಭಾಗದ ನೆಲದಡಿ ಸುಣ್ಣದ ಕಲ್ಲಿನ ಪದರಗಳಿವೆ. ಮನೆಗಳ ನೆಲಕ್ಕೆ ಹಾಸೋ ಶಹಾಬಾದ್ ಕಲ್ಲೂ ಇದೇ ಜಾತಿಯದು. ಈ ಕಲ್ಲನ್ನ ಮಣ್ಣಿನಂಥ ಇತರ ವಸ್ತುಗಳ ಜೊತೆ ಪುಡಿ ಮಾಡಿ ಸುಮಾರು 1450 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟರೆ ಕ್ಲಿಂಕರ್ ಆಗುತ್ತೆ. ಕೆಮಿಸ್ಟ್ರಿ ಕ್ಲಾಸ್ ನೆನಪಿಸಿಕೊಳ್ಳಿ: 100 ಕೆಜಿ ಶುದ್ಧ ಕ್ಯಾಲ್ಸಿಯಂ ಕಾರ್ಬೊನೇಟ್ ಸುಟ್ಟರೆ 56 ಕೆಜಿ ಸುಣ್ಣ ಉಳಿಯುತ್ತೆ, 44 ಕೆಜಿ ಕಾರ್ಬನ್ ಡೈಆಕ್ಸೈಡ್ ಗಾಳಿಗೆ ಸೇರುತ್ತೆ. ಈ 44 ಕೆಜಿ ಯಾವ ಕ್ಯಾಮೆರಾಕ್ಕೂ ಕಾಣಲ್ಲ. ಕಾಕಾ ಹೊಲದ ಹಾಗೇ.

ಇಂಥ ಫೋಟೋಗಳಿಗೆ ಹೆಸರಾದವರು ಕೆನಡಾದ ಎಡ್ವರ್ಡ್ ಬರ್ಟಿನ್ಸ್ಕಿ. ಎತ್ತರದಿಂದ ತೆಗೆದ ಅವರ ಗಣಿಗಳು ಪೇಂಟಿಂಗ್ ಥರ ಕಾಣುತ್ತವೆ. 'ಇಷ್ಟು ಚೆಂದ ಇದ್ದರೆ ನಷ್ಟ ಕಾಣುತ್ತಾ?' ಅನ್ನೋ ಪ್ರಶ್ನೆ ಅವರಿಗೂ ತಪ್ಪಿಲ್ಲ. ಜರ್ಮನಿಯ ಬೆರ್ನ್ಡ್ ಮತ್ತು ಹಿಲ್ಲಾ ಬೆಷರ್ ದಂಪತಿಯ ದಾರಿಯೇ ಬೇರೆ. ಮೋಡದ ಬೆಳಕಲ್ಲಿ, ಕಪ್ಪು-ಬಿಳುಪಲ್ಲಿ, ಒಂದೇ ಜಾತಿಯ ಗೋಪುರಗಳನ್ನ ನೇರವಾಗಿ ತೆಗೆದು ಸಾಲಾಗಿ ಜೋಡಿಸ್ತಿದ್ರು.

ಮರುದಿನ ನಾವು ಕಲಿತದ್ದು ಇಷ್ಟು. ಬೆಳಗಿನ ಓರೆ ಬಿಸಿಲಲ್ಲಿ ಕಲ್ಲಿನ ಮೆಟ್ಟಿಲುಗಳ ನೆರಳು ಬಿದ್ದು ಆಳ ತಿಳಿಯುತ್ತೆ. ಲಾರಿ ಅಥವಾ ಮನುಷ್ಯ ಫ್ರೇಮ್‌ನಲ್ಲಿದ್ದರೆ ತಗ್ಗು ಎಷ್ಟು ದೊಡ್ಡದು ಅಂತ ಗೊತ್ತಾಗುತ್ತೆ. ತಿಳಿ ಬಣ್ಣದ ಕಲ್ಲು ಫ್ರೇಮ್ ತುಂಬಿದಾಗ ಕ್ಯಾಮೆರಾ ಮೋಸ ಹೋಗಿ ಫೋಟೋ ಕಪ್ಪಾಗಿ ಬರುತ್ತೆ, ಎಕ್ಸ್‌ಪೋಶರ್ ಸ್ವಲ್ಪ ಏರಿಸಬೇಕು. ಎಲ್ಲಕ್ಕಿಂತ ಮುಖ್ಯ, ಅಂಚು ಬಿಡಬಾರದು. ತಗ್ಗಿನ ಪಕ್ಕದ ತೊಗರಿ ಸಾಲು ಫ್ರೇಮ್‌ನಲ್ಲಿದ್ದರೆ ಮೊದಲು ಏನಿತ್ತು ಅನ್ನೋದು ತಾನೇ ಕಾಣುತ್ತೆ. ನಿಂತ ಜಾಗ, ತಾರೀಖು ಬರೆದಿಟ್ಟುಕೊಳ್ಳಿ. ಮುಂದಿನ ವರ್ಷ ಅಲ್ಲೇ ನಿಂತು ಮತ್ತೆ ತೆಗೆದರೆ ಹೋಲಿಸಬಹುದು.

ಕೊನೇಲಿ ಕಾಕಾನ್ನ ಕೇಳಿಕೊಂಡು ಒಂದು ಫೋಟೋ ತೆಗೆದ್ವಿ. ಬದುವಿನ ಮೇಲೆ ನಿಂತು, ತಗ್ಗಿನ ಕಡೆ ಕೈ ಚಾಚಿ, "ಇಲ್ಲಿಂದ ಆ ಲಾರಿ ತನಕಾ" ಅಂತಿದ್ದಾರೆ. ಮಧ್ಯಾಹ್ನದ ಬಿಸಿಲು, ಬೆಳಕು ಚೆನ್ನಾಗಿಲ್ಲ. ಆದ್ರೂ ಕ್ಲಬ್ ಪ್ರದರ್ಶನಕ್ಕೆ ನಾವು ಅದನ್ನೇ ಕೊಡ್ತಿದ್ದೀವಿ.