ಎಕ್ಸರ್ಸೈಜ್ ಅಂದ್ರೆ ಆಗದವರು ಡೊಳ್ಳು ಹೊತ್ತ ಕಥೆ

ಕಳೆದ ವರ್ಷ ನಮ್ಮ ಕನ್ನಡ ಸಂಘದಿಂದ ಶಿವಗಂಗೆಗೆ ಹೋಗಿದ್ದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಬಸ್ಸಿನಲ್ಲಿ ಎಲ್ಲರಿಗಿಂತ ಜೋರಾಗಿ ಹಾಡಿದವರು ನಾವು, ಅಂದರೆ ಹಾಸ್ಟೆಲ್‌ನ ಒಂದೇ ರೂಮಿನ ಮೂವರು. ಒಳಕಲ್ಲು ತೀರ್ಥದ ತನಕ ಹೇಗೋ ಹತ್ತಿ, ಅಲ್ಲಿಂದ ಮುಂದಿನ ಕಡಿದಾದ ಮೆಟ್ಟಿಲು ನೋಡಿ, ‘ನೀವು ಹೋಗ್ಬನ್ನಿ, ನಾವು ಬ್ಯಾಗ್ ನೋಡ್ಕೋತೀವಿ’ ಅಂದವರೂ ನಾವೇ. ಬ್ಯಾಗ್ ನೋಡ್ಕೊಳ್ಳಿ ಅಂತ ನಮಗೆ ಯಾರೂ ಹೇಳಿರಲಿಲ್ಲ. ಚಪ್ಪಲಿ ಕೈಯಲ್ಲಿ ಹಿಡಿದು ಹತ್ತುತ್ತಿದ್ದ ಅಜ್ಜಿಯೊಬ್ಬರು ನಮ್ಮನ್ನು ನೋಡಿ, ‘ಏನ್ ಮಕ್ಳೇ, ಇಷ್ಟಕ್ಕೇ ಕೂತ್ಬಿಟ್ರಾ?’ ಅಂದು ನಗುತ್ತಾ ಮುಂದೆ ಹೋದರು. ತುದಿಯಲ್ಲಿರುವ ನಂದಿಯನ್ನು ನಾವು ಗೆಳೆಯರ ಫೋಟೋದಲ್ಲಿ ನೋಡಿದೆವು.

ಅದನ್ನೇನೋ ನಗಾಡಿಕೊಂಡು ಮರೆತೆವು. ಮರೆಯೋಕಾಗದ್ದು ಸೆಮಿಸ್ಟರ್ ರಜೆಯಲ್ಲಿ ಬಂತು. ನಮ್ಮಲ್ಲೊಬ್ಬರ ಅಪ್ಪನಿಗೆ ಶುಗರ್ ಇದೆ ಅಂತ ಗೊತ್ತಾಯಿತು, ಅವರಿಗಿನ್ನೂ 46 ವರ್ಷ. ರಿಪೋರ್ಟ್ ತೋರಿಸಲು ಜೊತೆಗೆ ಹೋದಾಗ ಡಾಕ್ಟರ್ ಅಪ್ಪನಿಗೆ ಹೇಳುವುದನ್ನೆಲ್ಲ ಹೇಳಿ ಮುಗಿಸಿ, ಪಕ್ಕಕ್ಕೆ ತಿರುಗಿ, ‘ನಿಮ್ಮ ತಾತನಿಗೂ ಇತ್ತು ಅಂತೀರ, ಈಗ ಅಪ್ಪನಿಗೆ. ನೀನು ದಿನಾ ಎಷ್ಟು ಓಡಾಡ್ತೀಯಾ?’ ಅಂತ ಕೇಳಿದರಂತೆ. ಹಾಸ್ಟೆಲ್‌ನಿಂದ ಕ್ಲಾಸಿಗೆ, ಕ್ಲಾಸಿನಿಂದ ಮೆಸ್ಸಿಗೆ. ಆ ಪ್ರಶ್ನೆ ರೂಮಿಗೆ ಬಂದಾಗ ಉಳಿದಿಬ್ಬರ ಹತ್ತಿರವೂ ಉತ್ತರ ಇರಲಿಲ್ಲ. ನಮ್ಮ ಮೂರೂ ಮನೆಗಳಲ್ಲಿ ಯಾರಿಗಾದರೊಬ್ಬರಿಗೆ ಶುಗರ್ ಇದೆ.

ಹೆದರಿಕೆಯಲ್ಲಿ ಏನು ಮಾಡ್ತಾರೋ ಅದನ್ನೇ ಮಾಡಿದೆವು: ಜಿಮ್ ಸೇರಿದೆವು. ಮೂರು ತಿಂಗಳ ಫೀಸ್ ಕಟ್ಟಿ ಒಂಬತ್ತು ದಿನ ಹೋದೆವು. ಮೋಟಿವೇಶನ್ ವಿಡಿಯೋ ನೋಡಿದರೆ ರಾತ್ರಿ ಹನ್ನೊಂದಕ್ಕೆ ಭಾರೀ ಉತ್ಸಾಹ, ಬೆಳಿಗ್ಗೆ ಆರಕ್ಕೆ ಅಲಾರಾಂ ಹೊಡೆದರೆ ಆ ಉತ್ಸಾಹ ಯಾರದೋ ಬೇರೆಯವರದ್ದು. ನಾವು ಸೋಮಾರಿಗಳು ಅಂತ ತೀರ್ಮಾನ ಮಾಡಿ ಸುಮ್ಮನಾದೆವು.

ಆ ತೀರ್ಮಾನ ತಪ್ಪು ಅಂತ ಈಗ ಅನ್ನಿಸುತ್ತದೆ. ಡೇನಿಯಲ್ ಲೀಬರ್‌ಮನ್ ಎಂಬ ಹಾರ್ವರ್ಡ್‌ನ ಪ್ರೊಫೆಸರ್ ಇದರ ಬಗ್ಗೆ ಒಂದು ಪುಸ್ತಕವನ್ನೇ ಬರೆದಿದ್ದಾರೆ. ಅವರ ವಾದ ಸರಳ. ಮನುಷ್ಯರು ಲಕ್ಷಾಂತರ ವರ್ಷ ನಡೆದದ್ದು, ಓಡಿದ್ದು, ಭಾರ ಹೊತ್ತದ್ದು ಎರಡೇ ಕಾರಣಕ್ಕೆ: ಒಂದೋ ಅನಿವಾರ್ಯವಾಗಿತ್ತು, ಇಲ್ಲವೇ ಖುಷಿಯಾಗಿತ್ತು. ಊಟ ಸಿಗುವುದೇ ಕಷ್ಟವಿದ್ದ ಕಾಲದಲ್ಲಿ ಸುಮ್ಮಸುಮ್ಮನೆ ಶಕ್ತಿ ಖರ್ಚು ಮಾಡುವವನು ದಡ್ಡ. ಹಾಗಾಗಿ ಟ್ರೆಡ್‌ಮಿಲ್ ನೋಡಿದಾಗ ‘ಯಾಕೆ ಬೇಕಿತ್ತು ಇದು’ ಅನ್ನಿಸುವುದು ರೋಗವೇನಲ್ಲ. ನಮ್ಮ ದೇಹಕ್ಕೆ ಓಡಾಟ ಬೇಕು, ಮನಸ್ಸಿಗೆ ಅದಕ್ಕೊಂದು ಕಾರಣ ಬೇಕು.

ಆ ಕಾರಣ ನಮಗೆ ಸಿಕ್ಕಿದ್ದು ಡೊಳ್ಳಿನಲ್ಲಿ. ರಾಜ್ಯೋತ್ಸವಕ್ಕೆ ಡೊಳ್ಳು ಕುಣಿತ ಮಾಡೋಣ ಅಂತ ಸಂಘದಲ್ಲಿ ತೀರ್ಮಾನವಾಯಿತು. ತಂಡಕ್ಕೆ ಮೂರು ಜನ ಕಡಿಮೆ ಬಿದ್ದರು, ಸೀನಿಯರ್ಸ್ ನಮ್ಮ ರೂಮಿನ ಬಾಗಿಲು ತಟ್ಟಿದರು, ಇಲ್ಲ ಅನ್ನೋಕೆ ಧೈರ್ಯ ಸಾಲಲಿಲ್ಲ. ಇಂಗ್ಲಿಷ್ ಮೀಡಿಯಮ್‌ನಲ್ಲಿ ಓದಿದ ನಮಗೆ ಇದು ಬೀರೇಶ್ವರನ ಆರಾಧನೆಯ ಜೊತೆ ಬೆಳೆದು ಬಂದ ಕುರುಬ ಸಮುದಾಯದ ಕಲೆ ಅನ್ನೋದೂ ಆಗಲೇ ಗೊತ್ತಾಗಿದ್ದು. ಹೆಗಲಿಗೆ ಡೊಳ್ಳು, ಕಾಲಿಗೆ ಗೆಜ್ಜೆ, ಒಂದೂವರೆ ತಿಂಗಳು ದಿನಾ ಸಂಜೆ ಒಂದು ಗಂಟೆ. ಡೊಳ್ಳು ಹೊತ್ತು ಬಾರಿಸುತ್ತಾ ಕೂರಬೇಕು, ಏಳಬೇಕು, ಹಾರಬೇಕು, ಅದೂ ತಾಳ ತಪ್ಪದೆ. ಮೊದಲ ವಾರ ಮೆಟ್ಟಿಲು ಇಳಿಯಲು ತೊಡೆ ಬಿಡಲಿಲ್ಲ. ನಾಲ್ಕನೇ ವಾರ ಲ್ಯಾಬ್‌ಗೆ ತಡವಾಯಿತು ಅಂತ ಮೂರು ಮಹಡಿ ಓಡಿ ಹತ್ತಿದೆವು. ಮೇಲೆ ನಿಂತ ಮೇಲೆ ನಮ್ಮಲ್ಲೊಬ್ಬರು, ‘ಲೇ, ಏದುಸಿರೇ ಬರ್ಲಿಲ್ವಲ್ಲೋ’ ಅಂದರು. ಅಷ್ಟು ದಿನ ನಾವು ಮಾಡಿದ್ದು ಎಕ್ಸರ್ಸೈಜ್ ಅಂತ ಆಗ ಹೊಳೆಯಿತು.

ನಮಗೆ ಆಗದಿದ್ದದ್ದು ಮೈ ಆಡಿಸುವುದಲ್ಲ. ಒಬ್ಬರೇ ಕನ್ನಡಿ ಮುಂದೆ ನಿಂತು ಎಣಿಸುವುದು, ಪಕ್ಕದವರ ತೋಳು ನೋಡಿ ನಾಚುವುದು, ಶಾಲೆಯ ಪಿಟಿ ಪೀರಿಯಡ್‌ನಲ್ಲಿ ಕೊನೆಗೆ ಬಂದವರಿಗೆ ಇನ್ನೊಂದು ರೌಂಡ್ ಅನ್ನುವ ಶಿಕ್ಷೆ, ಇವು ಆಗದಿದ್ದದ್ದು. (ಓಡಲು ಬಾರದವರಿಗೆ ಓಟವನ್ನೇ ಶಿಕ್ಷೆಯಾಗಿ ಕೊಟ್ಟರೆ ಓಟ ಹೇಗೆ ಇಷ್ಟವಾಗಬೇಕು? ಲೆಕ್ಕ ಬಾರದವರಿಗೆ ಇಂಪೊಸಿಷನ್ ಕೊಟ್ಟ ಹಾಗೆ.) ಡೊಳ್ಳಿನಲ್ಲಿ ನಾವು ಬರದಿದ್ದರೆ ಸಾಲು ಕೆಡುತ್ತಿತ್ತು. ಅಷ್ಟು ಸಾಕಾಗಿತ್ತು.

ಆದರೆ ನವೆಂಬರ್ ಮುಗಿಯಿತು, ಡೊಳ್ಳು ಸ್ಟೋರ್ ರೂಮ್ ಸೇರಿತು. ಎರಡೇ ವಾರಕ್ಕೆ ನಾವು ಮತ್ತೆ ಮಂಚ ಸೇರಿದೆವು. ಅಲ್ಲಿಂದ ಮುಂದಿನದನ್ನು ಸ್ವಲ್ಪ ಯೋಚಿಸಿ ಮಾಡಬೇಕಾಯಿತು.

ಮೊದಲ ವರ್ಷದ ಮೆಕ್ಯಾನಿಕ್ಸ್ ನೆನಪಿಸಿಕೊಳ್ಳಿ. ನಿಂತ ವಸ್ತುವನ್ನು ಜರುಗಿಸಲು ಬೇಕಾದ ಬಲ, ಜರುಗಿದ ಮೇಲೆ ಸಾಗಿಸಲು ಬೇಕಾದ ಬಲಕ್ಕಿಂತ ಹೆಚ್ಚು. ನಾವೂ ಹಾಗೇ. ಮಂಚದಿಂದ ಬಾಗಿಲ ತನಕ ಇರೋದೇ ಸ್ಟ್ಯಾಟಿಕ್ ಫ್ರಿಕ್ಷನ್, ಹೊರಗೆ ಬಂದ ಮೇಲೆ ‘ಅಯ್ಯೋ ಬೇಡಪ್ಪ’ ಅಂತ ವಾಪಸ್ ಹೋದದ್ದು ಬಹಳ ಕಡಿಮೆ. ಮೋಟಿವೇಶನ್ ಅಂದರೆ ತಳ್ಳುವ ಬಲ ಹೆಚ್ಚಿಸುವುದು. ಘರ್ಷಣೆಯನ್ನೇ ಕಡಿಮೆ ಮಾಡುವುದು ಅದಕ್ಕಿಂತ ಸುಲಭ.

ಇದು ನಮ್ಮ ಊಹೆ ಮಾತ್ರ ಅಲ್ಲ. 2002ರಲ್ಲಿ ಪ್ರಕಟವಾದ ಬ್ರಿಟನ್‌ನ ಒಂದು ಅಧ್ಯಯನದಲ್ಲಿ ಕಾಲೇಜು ವಿದ್ಯಾರ್ಥಿಗಳನ್ನು ಮೂರು ಗುಂಪು ಮಾಡಿದ್ದರು. ಒಂದು ಗುಂಪಿಗೆ ವ್ಯಾಯಾಮ ಮಾಡದಿದ್ದರೆ ಹೃದಯಕ್ಕೆ ಏನಾಗುತ್ತದೆ ಅಂತ ಓದಿಸಿದರು, ಅಂದರೆ ನಮ್ಮ ಮೋಟಿವೇಶನ್ ವಿಡಿಯೋ ಥರ. ಇನ್ನೊಂದು ಗುಂಪಿಗೆ ಅದನ್ನು ಓದಿಸಿದ್ದಲ್ಲದೆ, ಯಾವ ದಿನ, ಎಷ್ಟು ಗಂಟೆಗೆ, ಯಾವ ಜಾಗದಲ್ಲಿ ಮಾಡ್ತೀರಿ ಅಂತ ಒಂದು ವಾಕ್ಯ ಬರೆಸಿದರು. ಬರೀ ಓದಿದವರು ಅದನ್ನು ಓದದ ಗುಂಪಿಗಿಂತ ಮುಂದೆ ಹೋಗಲಿಲ್ಲ. ಬರೆದವರಲ್ಲಿ ಹತ್ತಕ್ಕೆ ಒಂಬತ್ತು ಜನ ಮಾಡಿದರು. ಒಂದು ವಾಕ್ಯಕ್ಕೆ ಇಷ್ಟು ಕೆಲಸ! ನಮ್ಮ ಬಾಗಿಲ ಹಿಂದೆ ಈಗ ಒಂದು ಚೀಟಿ ಇದೆ: ‘ರಾತ್ರಿ ಮೆಸ್‌ನಿಂದ ಹೊರಗೆ ಬಂದ ತಕ್ಷಣ, ರೂಮಿಗೆ ಹೋಗದೆ, ಮೇನ್ ಗೇಟಿನ ತನಕ.’

‘ರೂಮಿಗೆ ಹೋಗದೆ’ ಅನ್ನೋದೇ ಅದರಲ್ಲಿ ಮುಖ್ಯ. ರೂಮಿಗೆ ಹೋದರೆ ಮಂಚ ಕಾಣುತ್ತದೆ. ಇನ್ನು ಊಟದ ನಂತರವೇ ಯಾಕೆ ಅಂದರೆ, ಸ್ನಾಯುಗಳು ಕೆಲಸ ಮಾಡುವಾಗ ರಕ್ತದಲ್ಲಿರುವ ಗ್ಲೂಕೋಸನ್ನು ಇನ್ಸುಲಿನ್‌ಗೆ ಕಾಯದೆಯೂ ಒಳಗೆ ಎಳೆದುಕೊಳ್ಳುತ್ತವೆ. ಉಂಡ ಮೇಲೆ ಶುಗರ್ ಏರುವ ಹೊತ್ತಿಗೆ ಸರಿಯಾಗಿ ನಡೆದರೆ ಆ ಏರಿಕೆ ತಗ್ಗುತ್ತದೆ. ಊಟವಾದ ಮೇಲೆ ನೂರು ಹೆಜ್ಜೆ ಹಾಕು ಅಂತ ಸರ್ವಜ್ಞ ಯಾವತ್ತೋ ಹೇಳಿಯಾಗಿದೆ, ನಾವು ಕೇಳಿದ್ದು ಈಗ. ನಡೆಯುವ ಹೊತ್ತಲ್ಲೇ ಮನೆಗೆ ಫೋನ್ ಮಾಡುತ್ತೇವೆ. ಅಮ್ಮನ ಜೊತೆ ಮಾತು ಇಪ್ಪತ್ತು ನಿಮಿಷಕ್ಕೆ ಮುಗಿದ ಇತಿಹಾಸವೇ ಇಲ್ಲ. ಅಪ್ಪನೂ ಆ ಕಡೆ ಅಂಗಳದಲ್ಲಿ ನಡೀತಾ ಮಾತಾಡ್ತಾರೆ. ನಾವು ಹೋಗದಿದ್ದರೆ ಅವರೂ ಹೋಗಲ್ಲ ಅಂತ ಗೊತ್ತಾದ ಮೇಲೆ ತಪ್ಪಿಸೋದು ಕಷ್ಟವಾಗಿದೆ.

‘ಬರೀ ನಡೆದರೆ ಏನಾಗುತ್ತೆ, ಬೆವರು ಬರಬೇಡ್ವಾ’ ಅಂತ ಜಿಮ್‌ಗೆ ಹೋಗುವ ಗೆಳೆಯರು ಕೇಳುತ್ತಾರೆ. ಅವರಿಗೆ ಲಂಡನ್ ಬಸ್ಸಿನ ಕಥೆ ಹೇಳಬೇಕು. 1953ರಲ್ಲಿ ಜೆರ್ರಿ ಮೋರಿಸ್ ಎಂಬ ವೈದ್ಯರು ಅಲ್ಲಿನ ಡಬಲ್ ಡೆಕರ್ ಬಸ್ಸಿನ ಡ್ರೈವರ್ ಮತ್ತು ಕಂಡಕ್ಟರ್‌ಗಳನ್ನು ಹೋಲಿಸಿದರು. ದಿನವಿಡೀ ಕೂತಿರುವ ಡ್ರೈವರ್‌ಗಳಿಗಿಂತ, ಮೇಲೆ ಕೆಳಗೆ ಹತ್ತಿಳಿಯುತ್ತಾ ಟಿಕೆಟ್ ಕೊಡುವ ಕಂಡಕ್ಟರ್‌ಗಳಿಗೆ ಹೃದಯದ ಕಾಯಿಲೆ ಕಡಿಮೆ ಇತ್ತು. ನಮ್ಮಂಥವರು ಕೇಳುವ ಪ್ರಶ್ನೆಯನ್ನು ಅವರೂ ಕೇಳಿಕೊಂಡರು: ಡ್ರೈವರ್ ಆಗಿ ಸೇರುವವರೇ ಮೊದಲಿನಿಂದ ದಪ್ಪ ಇದ್ದಿರಬಹುದಲ್ವಾ? ಸಮವಸ್ತ್ರದ ಪ್ಯಾಂಟಿನ ಸೊಂಟದ ಅಳತೆ ತೆಗೆಸಿ ನೋಡಿದರೆ, ಡ್ರೈವರ್‌ಗಳದ್ದು ನಿಜವಾಗಿಯೂ ಹೆಚ್ಚಿತ್ತು! ಹಾಗಾಗಿ ಪೂರ್ತಿ ಶ್ರೇಯ ಮೆಟ್ಟಿಲಿಗೆ ಕೊಡೋಕಾಗಲ್ಲ. ಆದರೂ ಓಡಾಡುವವರ ಹೃದಯ ಚೆನ್ನಾಗಿರುತ್ತದೆ ಅನ್ನುವ ಮಾತನ್ನು ಆಮೇಲೆ ಬಂದ ಎಷ್ಟೋ ಅಧ್ಯಯನಗಳು ಗಟ್ಟಿ ಮಾಡಿವೆ. ಆ ಕಂಡಕ್ಟರ್‌ಗಳಲ್ಲಿ ಯಾರೂ ಅದಕ್ಕಾಗಿ ಮೋಟಿವೇಶನ್ ಹುಡುಕಿರಲಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ನಮ್ಮ ವಯಸ್ಸಿನವರಿಗೆ ವಾರಕ್ಕೆ 150ರಿಂದ 300 ನಿಮಿಷ ಚುರುಕು ನಡಿಗೆಯಂಥ ಚಟುವಟಿಕೆ, ಜೊತೆಗೆ ಎರಡು ದಿನ ಸ್ನಾಯು ಗಟ್ಟಿಯಾಗುವ ಕೆಲಸ ಬೇಕು ಅನ್ನುತ್ತದೆ. ಒಂದೇ ಸಲಕ್ಕೆ ಕನಿಷ್ಠ 10 ನಿಮಿಷ ಮಾಡಬೇಕು ಅಂತ ಮೊದಲಿದ್ದ ಷರತ್ತನ್ನು ಈಗ ತೆಗೆದಿದ್ದಾರೆ. ಅಂದರೆ ಲ್ಯಾಬಿನ ಮೆಟ್ಟಿಲೂ ಲೆಕ್ಕಕ್ಕೆ ಬರುತ್ತದೆ. ದಿನಕ್ಕೆ 10,000 ಹೆಜ್ಜೆ ಅನ್ನೋದು ಮಾತ್ರ 1965ರಲ್ಲಿ ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಯಂತ್ರಕ್ಕೆ ಇಟ್ಟ ಹೆಸರಿನಿಂದ ಹಬ್ಬಿದ ಸಂಖ್ಯೆ, ಅದಕ್ಕೆ ತಲೆ ಕೆಡಿಸ್ಕೋಬೇಡಿ.

ನಮ್ಮದು ದಿನಾ ತಪ್ಪದೆ ನಡೆದಿದೆ ಅಂತಲ್ಲ. ಎರಡನೇ ಇಂಟರ್ನಲ್ಸ್ ವಾರ ಒಂದು ದಿನವೂ ಹೋಗಲಿಲ್ಲ. ಮಳೆ ಬಂದರೆ ಕಾರಿಡಾರ್‌ನಲ್ಲಿ ನಡೆಯೋಣ ಅಂದುಕೊಂಡದ್ದು ಅಂದುಕೊಂಡದ್ದಷ್ಟೇ. ಮೊದಲಾಗಿದ್ದರೆ ‘ಹೋಯ್ತು, ಮುಗೀತು’ ಅಂತ ಬಿಟ್ಟುಬಿಡುತ್ತಿದ್ದೆವು. 21 ದಿನಕ್ಕೆ ಅಭ್ಯಾಸವಾಗುತ್ತದೆ ಅಂತ ಎಲ್ಲರೂ ಹೇಳ್ತಾರಲ್ಲ, 2010ರ ಸುಮಾರಿಗೆ ಲಂಡನ್ನಿನಲ್ಲಿ ಅಳೆದು ನೋಡಿದಾಗ ಸರಾಸರಿ 66 ದಿನ ಹಿಡಿದಿತ್ತು. ಕೆಲವರಿಗೆ 18, ಕೆಲವರಿಗೆ 254 ಅನ್ನುವ ಅಂದಾಜು. ನಡುವೆ ಒಂದು ದಿನ ತಪ್ಪಿದರೆ ದೊಡ್ಡ ವ್ಯತ್ಯಾಸವೇನೂ ಆಗಲಿಲ್ಲ. ನಮ್ಮದು 254ರ ಕಡೆಯ ಜಾತಿ ಅಂತ ಒಪ್ಪಿಕೊಂಡು ಪರೀಕ್ಷೆ ಮುಗಿದ ರಾತ್ರಿ ಮತ್ತೆ ಗೇಟಿನ ಕಡೆ ಹೊರಟೆವು.

ನಡಿಗೆಯೊಂದರಿಂದ ಡೊಳ್ಳಿನಷ್ಟು ಮೈ ಬಿಸಿಯಾಗುವುದಿಲ್ಲ ಅನ್ನೋದೂ ನಿಜ. ಅದಕ್ಕೆ ಈಗ ಶನಿವಾರ, ಭಾನುವಾರ ಸಂಜೆ ಐದೂವರೆಗೆ ಹಾಸ್ಟೆಲ್ ಹಿಂದಿನ ಖಾಲಿ ಜಾಗದಲ್ಲಿ ಲಗೋರಿ ಶುರು ಮಾಡಿದ್ದೇವೆ. ಕಟ್ಟಡದ ಕೆಲಸ ಮುಗಿದು ಉಳಿದ ಟೈಲ್ಸ್ ಚೂರುಗಳಲ್ಲಿ ಏಳು ಆರಿಸಿಟ್ಟಿದ್ದೇವೆ. ಚೆನ್ನಾಗಿ ಆಡೋರೇ ಬರಬೇಕು ಅಂತೇನಿಲ್ಲ, ನಾವೇ ಇನ್ನೂ ಗುರಿ ಇಟ್ಟರೆ ಗೋಡೆಗೆ ಹೊಡೀತೀವಿ. ಕಳೆದ ವಾರ ಚೆಂಡು ಕಾಂಪೌಂಡ್ ಆಚೆ ಹೋಗಿ ಸಿಗಲಿಲ್ಲ. ಬರುವವರು ಒಂದು ಚೆಂಡು ತನ್ನಿ.