ನಿಂತುಹೋದ ಗಣಕಕ್ಕೆ ತಕ್ಕ ತಂತ್ರಾಂಶ

ಯಂತ್ರವೊಂದರ ತಯಾರಿಕೆ ನಿಂತಿತೆಂದ ಮಾತ್ರಕ್ಕೆ ಆ ಯಂತ್ರದ ಆಯುಷ್ಯವೂ ಮುಗಿಯಿತೆಂದು ತಿಳಿಯಬೇಕಾದುದಿಲ್ಲ. ಆಪಲ್ ಸಂಸ್ಥೆಯು 2003ರ ಅಕ್ಟೋಬರಿನಲ್ಲಿ ಹೊರತಂದು, 2006ರ ಮೇ ತಿಂಗಳಲ್ಲಿ ಮಾರುಕಟ್ಟೆಯಿಂದ ಹಿಂತೆಗೆದ ಐಬುಕ್ ಜಿ4 ಎಂಬ ಶ್ವೇತವರ್ಣದ ಲ್ಯಾಪ್‌ಟಾಪುಗಳಲ್ಲಿ, ಬ್ಯಾಟರಿ ಸೊರಗಿದ್ದರೂ ಪರದೆ, ಕೀಲಿಮಣೆಗಳು ಸುಸ್ಥಿತಿಯಲ್ಲಿರುವಂಥವು ಇನ್ನೂ ಉಂಟು. ಅಂಥದೊಂದು ಕೈಸೇರಿದವರಿಗೆ ಬೇಕಾಗುವುದು ಬಹಳವೇನಲ್ಲ: ಪತ್ರ ಬರೆಯಬೇಕು, ಮನೆಯ ಅಥವಾ ಸಂಘದ ಜಮಾಖರ್ಚನ್ನು ಇಡಬೇಕು, ಇತರರು ಕಳುಹಿಸಿದ ಕಡತವನ್ನು ತೆರೆದು ಓದಬೇಕು. ಆದರೆ ಇಷ್ಟಕ್ಕೆ ಒದಗುವ ತಂತ್ರಾಂಶವನ್ನು ಅರಸಹೊರಟರೆ, ಇಂದು ದೊರೆಯುವುದಾವುದೂ ಆ ಗಣಕದಲ್ಲಿ ನಡೆಯದು.

ಇದರ ಕಾರಣವು ಯಂತ್ರದ ಮಿದುಳಿನಲ್ಲಿಯೇ ಇದೆ. ಈ ಗಣಕಗಳಲ್ಲಿದ್ದುದು ಪವರ್‌ಪಿಸಿ ಎಂಬ ಪ್ರೊಸೆಸರ್. 2005ರ ಜೂನಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಸಭೆಯೊಂದರಲ್ಲಿ ಸ್ಟೀವ್ ಜಾಬ್ಸ್ ಅವರು, ಮುಂದಿನ ಮ್ಯಾಕ್ ಗಣಕಗಳೆಲ್ಲ ಇಂಟೆಲ್ ಪ್ರೊಸೆಸರನ್ನು ಅವಲಂಬಿಸುವುವೆಂದು ಘೋಷಿಸಿದರು. ಒಂದರ ಆದೇಶಗಳು ಮತ್ತೊಂದಕ್ಕೆ ಅರ್ಥವಾಗುವಂಥವಲ್ಲ. ಹಳೆಯ ತಂತ್ರಾಂಶವು ಹೊಸ ಯಂತ್ರದಲ್ಲಿ ನಡೆಯಲೆಂದು ರೋಸೆಟ್ಟಾ ಎಂಬ ಮಧ್ಯವರ್ತಿಯನ್ನು ಆಪಲ್ ಒದಗಿಸಿತಾದರೂ, ಹೊಸದನ್ನು ಹಳೆಯದರಲ್ಲಿ ನಡೆಸುವ ಉಪಾಯವನ್ನು ಒದಗಿಸಲಿಲ್ಲ. 2007ರ ಅಕ್ಟೋಬರಿನ ಲೆಪರ್ಡ್ ಆವೃತ್ತಿಯೇ ಪವರ್‌ಪಿಸಿಗೆ ದೊರೆತ ಕೊನೆಯ ಕಾರ್ಯಾಚರಣ ವ್ಯವಸ್ಥೆ. ಅದಕ್ಕೂ 867 ಮೆಗಾಹರ್ಟ್ಸ್ ವೇಗದ ಜಿ4 ಪ್ರೊಸೆಸರಾದರೂ ಇರಬೇಕೆಂಬ ನಿಬಂಧನೆ ಇದ್ದುದರಿಂದ, 800 ಮೆಗಾಹರ್ಟ್ಸಿನ ಮೊದಲ ಐಬುಕ್ ಜಿ4ಗಳು ಅಲ್ಲಿಯೂ ಹೊರಗುಳಿದವು. 2009ರ ಸ್ನೋ ಲೆಪರ್ಡ್ ಇಂಟೆಲ್‌ಗೆ ಮಾತ್ರ ಮೀಸಲಾಯಿತು.

ಆದುದರಿಂದ ತಂತ್ರಾಂಶವನ್ನು ಹುಡುಕುವ ಮುನ್ನ ನಿಶ್ಚಯಿಸಿಕೊಳ್ಳಬೇಕಾದ ಸಂಗತಿಯೊಂದಿದೆ. ನಾವು ಬರೆದುದು ಯಾರಿಗೆ ಹೋಗಬೇಕು, ಯಾರಿಂದ ನಮಗೆ ಏನು ಬರುತ್ತದೆ, ಹತ್ತು ವರ್ಷಗಳ ಬಳಿಕ ಈ ಯಂತ್ರ ಕೆಟ್ಟುಹೋದಾಗ ಈ ಬರಹಗಳನ್ನು ಎಲ್ಲಿ ತೆರೆಯಬೇಕು—ಇವುಗಳ ಉತ್ತರವೇ ಆಯ್ಕೆಯನ್ನು ನಿರ್ಧರಿಸಬೇಕಲ್ಲದೆ, ತಂತ್ರಾಂಶದ ಅಂದಚಂದಗಳಲ್ಲ. ಬರಿಯ ಅಕ್ಷರಗಳಷ್ಟೇ ಇರುವ ಪತ್ರವಾದರೆ ಬೇರೇನೂ ಬೇಕಾಗಿಲ್ಲ. ಲೆಪರ್ಡ್‌ನೊಡನೆಯೇ ಬರುವ ಟೆಕ್ಸ್ಟ್‌ಎಡಿಟ್ ಎಂಬ ಪುಟ್ಟ ಬರಹಸಾಧನವು ಇಂದಿನ ವರ್ಡ್ ಕಡತವನ್ನೂ ಓಪನ್‌ಡಾಕ್ಯುಮೆಂಟ್ ಕಡತವನ್ನೂ ತೆರೆಯಬಲ್ಲದು, ಅದೇ ರೂಪಗಳಲ್ಲಿ ಉಳಿಸಲೂ ಬಲ್ಲದು. ಕಡತವನ್ನು ತೆರೆದೊಡನೆ ವಾಕ್ಯಗಳು, ದಪ್ಪಕ್ಷರಗಳು, ಓರೆಯಕ್ಷರಗಳು ಕಾಣಿಸಿಕೊಳ್ಳುತ್ತವೆ. ನಡುವೆ ಚಿತ್ರಗಳಿದ್ದರೆ ಮಾತ್ರ ಅವು ಕಣ್ಮರೆಯಾಗುತ್ತವೆ. ಬರೆದು ಮುಗಿದ ಮೇಲೆ, ಮುದ್ರಣದ ಆಜ್ಞೆ ಕೊಟ್ಟಾಗ ಮೂಡುವ ಚೌಕಟ್ಟಿನ ಕೆಳಮೂಲೆಯಲ್ಲಿ ಪಿಡಿಎಫ್ ಎಂಬ ಗುಂಡಿಯಿದೆ. ಅದನ್ನೊತ್ತಿ ಉಳಿಸಿದ ಪ್ರತಿಯನ್ನು ಯಾವ ಗಣಕದಲ್ಲಾದರೂ ತೆರೆದು ಓದಬಹುದು.

ಲೆಕ್ಕದ ಹಾಳೆಗಳೂ ಕೋಷ್ಟಕಗಳೂ ಬೇಕಾದವರು ಸಹಜವಾಗಿ ಮೈಕ್ರೋಸಾಫ್ಟ್ ಆಫೀಸಿನತ್ತ ನೋಡುವರು. 2004ರ ಆವೃತ್ತಿ ಚುರುಕಾದುದು. ಆದರೆ ಈಗ ರೂಢಿಯಲ್ಲಿರುವ ಹೊಸ ಬಗೆಯ ಕಡತಗಳನ್ನು ತಾನಾಗಿ ಅರಿಯದು, ಅದಕ್ಕೆ ಪ್ರತ್ಯೇಕವಾದೊಂದು ಪರಿವರ್ತಕವನ್ನು ಜೋಡಿಸಬೇಕು. ಅಷ್ಟೇ ಅಲ್ಲ, ಅದರ ಎಕ್ಸೆಲ್ ಹಾಳೆಯಲ್ಲಿರುವುದು 65,536 ಸಾಲುಗಳು ಮಾತ್ರ. ಇಂದಿನ ಹಾಳೆಯಲ್ಲಿ 10,48,576 ಸಾಲುಗಳಿಗೆ ಎಡೆಯಿರುವುದರಿಂದ, ಬೇರೆಡೆಯಿಂದ ಬಂದ ದೊಡ್ಡ ಲೆಕ್ಕವು ಅದರಲ್ಲಿ ಪೂರ್ತಿಯಾಗಿ ಹಿಡಿಯಲಾರದು. 2008ರ ಆವೃತ್ತಿಯಲ್ಲಿ ಈ ಎರಡು ಕೊರತೆಗಳೂ ನೀಗಿದವು, ಆದರೆ ಮ್ಯಾಕ್ರೋ ನಡೆಸುವ ಸಾಮರ್ಥ್ಯವನ್ನು ಅದರಿಂದ ತೆಗೆದುಹಾಕಲಾಯಿತು. ಆ ಸಾಮರ್ಥ್ಯವು 2011ರ ಆವೃತ್ತಿಯಲ್ಲಿ ಮರಳಿ ಬಂದಾಗ ಅದು ಇಂಟೆಲ್ ಯಂತ್ರಗಳ ಸ್ವತ್ತಾಗಿತ್ತು. ಮ್ಯಾಕ್ರೋಗಳ ಗೊಡವೆ ಇಲ್ಲದವರಿಗೆ, ಮೂಲ ಡಿಸ್ಕ್ ದೊರೆಯುವುದಾದರೆ, 2008ರದೇ ಲೇಸು.

ಆಪಲ್ ತಾನೇ ರಚಿಸಿದ ಐವರ್ಕ್‌ನ 2009ರ ಆವೃತ್ತಿಯೂ ಜಿ4 ಮೇಲೆ ನಡೆಯುತ್ತದೆ. ಅದರ ಪುಟಗಳು ಸುಂದರ, ಬಳಕೆ ಸರಳ. ಆದರೂ ಅದರ ಕಡತಗಳು ಅದರವೇ ಆದ ರೂಪದವಾದುದರಿಂದ ನಾನು ಅದನ್ನು ಶಿಫಾರಸು ಮಾಡಲು ಹಿಂಜರಿಯುತ್ತೇನೆ. ಅದಕ್ಕೆ ಹಿಂದಿನ ಆಪಲ್‌ವರ್ಕ್ಸ್‌ಗೆ ಒದಗಿದ ಗತಿಯನ್ನು ಗಮನಿಸಬೇಕು. 1991ರಲ್ಲಿ ಕ್ಲಾರಿಸ್‌ವರ್ಕ್ಸ್ ಎಂಬ ಹೆಸರಿನಿಂದ ಹುಟ್ಟಿ, ಅಸಂಖ್ಯಾತ ಶಾಲೆಗಳಲ್ಲಿ, ಮನೆಗಳಲ್ಲಿ ಬಳಕೆಯಾದ ಆ ತಂತ್ರಾಂಶವನ್ನು 2007ರಲ್ಲಿ ಕೈಬಿಟ್ಟಾಗ, ಅದರಲ್ಲಿ ಬರೆದಿಟ್ಟ ದಿನಚರಿಗಳೂ ಪಾಠಗಳೂ ಬೀಗದ ಕೈ ಕಳೆದುಹೋದ ಪೆಟ್ಟಿಗೆಯೊಳಗಿನ ಪತ್ರಗಳಂತಾದವು. ಆ ಬೀಗವನ್ನು ತೆಗೆದವರು ತಯಾರಕರಲ್ಲ. ಸ್ವತಂತ್ರ ತಂತ್ರಾಂಶದ ಕಾರ್ಯಕರ್ತರು ಕಡತದ ರಚನೆಯನ್ನು ಪರಿಶೋಧಿಸಿ, ಈಗಿನ ಲಿಬ್ರೆಆಫೀಸ್ ಅವನ್ನು ಓದುವಂತೆ ಮಾಡಿದರು. ಈ ಪರಿಶ್ರಮಕ್ಕೆ ನಾವು ಸಲ್ಲಿಸಬೇಕಾದ ಕೃತಜ್ಞತೆ ಸಣ್ಣದಲ್ಲ.

ಪವರ್‌ಪಿಸಿಗೆ ನಾನು ಮೊದಲು ಹೇಳುವುದೂ ಲಿಬ್ರೆಆಫೀಸನ್ನೇ. 2013ರ ಫೆಬ್ರವರಿಯಲ್ಲಿ ಪ್ರಕಟವಾದ ಅದರ 4.0 ಸರಣಿಯು ಈ ಯಂತ್ರಗಳಿಗೆಂದು ಸಿದ್ಧಗೊಂಡ ಕೊನೆಯದು. ಹಣ ಕೊಡಬೇಕಾಗಿಲ್ಲ, ದೊಡ್ಡ ಲೆಕ್ಕದ ಹಾಳೆಗಳನ್ನು ತೆರೆಯುತ್ತದೆ, ಎಲ್ಲಕ್ಕಿಂತ ಮಿಗಿಲಾಗಿ, ಅದರ ಸ್ವಂತ ಕಡತರೂಪವಾದ ಓಪನ್‌ಡಾಕ್ಯುಮೆಂಟ್ 2006ರಲ್ಲಿ ಅಂತರರಾಷ್ಟ್ರೀಯ ಮಾನಕವೆಂದು ಅಂಗೀಕೃತವಾಗಿ ಅದರ ವಿವರಣೆಯೆಲ್ಲ ಬಹಿರಂಗವಾಗಿರುವುದರಿಂದ, ಇಂದು ಐಬುಕ್ಕಿನಲ್ಲಿ ಬರೆದುದನ್ನು ನಾಳೆ ಬೇರೆ ಗಣಕದಲ್ಲಿ ತೆರೆಯಲು ಯಾರ ಅಪ್ಪಣೆಯೂ ಬೇಕಾಗದು. ನಿಧಾನವೆಂಬ ದೋಷವೊಂದುಂಟು. 2005ರ ಐಬುಕ್ಕಿನಲ್ಲಿ ಮೂಲತಃ ಇರುವ 512 ಮೆಗಾಬೈಟ್ ಸ್ಮೃತಿಗೆ ಇನ್ನೊಂದು ಗಿಗಾಬೈಟನ್ನು ಸೇರಿಸಿದಲ್ಲಿ ಈ ತೊಂದರೆ ಬಹುಮಟ್ಟಿಗೆ ಸಹ್ಯವಾಗುತ್ತದೆ.

ಅಂತರಜಾಲದಲ್ಲಿಯೇ ಬರೆಯುವ ಏರ್ಪಾಟುಗಳನ್ನು ಇಲ್ಲಿ ನಂಬಿಕೊಳ್ಳಬಾರದು. ಈ ಯಂತ್ರಗಳಿಗಾಗಿ ವರ್ಷಗಟ್ಟಲೆ ಪೋಷಿತವಾದ ಟೆನ್‌ಫೋರ್‌ಫಾಕ್ಸ್ ಬ್ರೌಸರಿನ ಕೆಲಸವೂ 2021ರಲ್ಲಿ ನಿಂತಿದೆ. ಬ್ಯಾಂಕಿನ ವ್ಯವಹಾರವನ್ನಂತೂ ಇದರಲ್ಲಿ ನಡೆಸಲಾಗದು.

ಕನ್ನಡಿಗರಿಗೆ ಇನ್ನೊಂದು ತೊಡಕು ಇದಿರಾಗುತ್ತದೆ. ಲೆಪರ್ಡ್‌ನೊಡನೆ ಕನ್ನಡದ ಫಾಂಟು ಬರುತ್ತಿರಲಿಲ್ಲ. ಆಪಲ್ ಅದನ್ನು ಸೇರಿಸಿದುದು 2011ರ ಲಯನ್ ಆವೃತ್ತಿಯಲ್ಲಿ, ಆ ವೇಳೆಗೆ ಪವರ್‌ಪಿಸಿಯ ಬಾಗಿಲು ಮುಚ್ಚಿತ್ತು. ಕನ್ನಡದಲ್ಲಿ ಬರೆಯಲೇಬೇಕೆನ್ನುವವರು ಆಪಲ್‌ನ ವ್ಯವಸ್ಥೆಯನ್ನೇ ಬಿಟ್ಟು ಲಿನಕ್ಸ್‌ಗೆ ಹೋಗುವುದುಚಿತ. ಪವರ್‌ಪಿಸಿಯನ್ನು ಅಧಿಕೃತವಾಗಿ ಬೆಂಬಲಿಸಿದ, ಡೆಬಿಯನ್ ಎಂಬ ಲಿನಕ್ಸ್ ವಿತರಣೆಯ ಕೊನೆಯ ಆವೃತ್ತಿ 2015ರ ಎಂಟನೆಯದು. ಲೋಹಿತ್ ಕನ್ನಡ ಫಾಂಟನ್ನು ಸ್ಥಾಪಿಸಿಕೊಂಡರೆ, ಅಲ್ಲಿಯ ಲಿಬ್ರೆಆಫೀಸಿನಲ್ಲಿ ಒತ್ತಕ್ಷರಗಳು ತಮ್ಮ ಸ್ಥಾನದಲ್ಲಿಯೇ ಕೂರುತ್ತವೆ. ಭದ್ರತೆಯ ತಿದ್ದುಪಡಿಗಳು ಆ ಆವೃತ್ತಿಗೂ ನಿಂತಿರುವುದರಿಂದ, ಸ್ಥಾಪನೆ ಮುಗಿದ ಬಳಿಕ ಜಾಲದ ಸಂಪರ್ಕವನ್ನು ಕಡಿದು, ಕಡತಗಳನ್ನು ಪೆನ್ ಡ್ರೈವಿನಲ್ಲಿ ಸಾಗಿಸುವುದು ಕ್ಷೇಮ.