ಪತ್ರಾಸ್ ಶೆಡ್ಡಿನ ಬಣ್ಣ

ಸಿಂದಗಿ ಬಿಟ್ಟು ವಿಜಯಪುರದ ಕಡೆ ಹೊರಟರೆ, ಊರು ಮುಗಿಯುವ ಹೊತ್ತಿಗೆ ಹೆದ್ದಾರಿಯ ಬದಿ ಗ್ಯಾರೇಜುಗಳ ಸಾಲು ಶುರುವಾಗುತ್ತದೆ. ಪಂಕ್ಚರ್ ಅಂಗಡಿ, ಟ್ರಾಲಿ ಬೆಸೆಯುವ ವೆಲ್ಡಿಂಗ್ ಶೆಡ್ಡು, ಚಹಾದ ಗೂಡಂಗಡಿ, ಅದರ ಮಗ್ಗುಲಿಗೆ ಬೇವಿನ ಗಿಡದ ಕೆಳಗೊಂದು ಪತ್ರಾಸ್ ಶೆಡ್ಡು. ಬೋರ್ಡು ಓದುವ ಮೊದಲೇ ಥಿನ್ನರ್ ವಾಸನೆ ಮೂಗಿಗೆ ಬಡಿಯುತ್ತದೆ. ಗುಡುಗುಡು ಎನ್ನುತ್ತಿದ್ದ ಕಂಪ್ರೆಸರ್ ಗಾಳಿ ತುಂಬಿಕೊಂಡು ತಟ್ಟನೆ ಸುಮ್ಮನಾದಾಗ, ಅಲ್ಲಿಯವರೆಗೆ ಕೇಳದಿದ್ದ ಇನ್ನೊಂದು ಸದ್ದು ಒಳಗಿಂದ ಬರುತ್ತದೆ: ಹಸಿ ತಗಡಿನ ಮೇಲೆ ಕಾಗದ ತಿಕ್ಕುವ ಸರ್‌ಬರ್ ಸದ್ದು. ಆ ಸದ್ದು ಕೇಳಿತೆಂದರೆ ನಿಂತು ನೋಡಬಹುದಾದ ಅಂಗಡಿ ಅದು. ನೆಲ ಹಸಿಯಿದೆ, ನೋಡಿಕೊಂಡು ಬನ್ನಿ.

ಒಳಗೆ ನಿಂತ ಕಾರಿಗೆ ಸದ್ಯ ಯಾವ ಬಣ್ಣವೂ ಇಲ್ಲ. ಬಾಗಿಲಿನ ಹಿಡಿಕೆ, ದೀಪ, ಕಿಟಕಿಯ ರಬ್ಬರು ಎಲ್ಲ ಬಿಚ್ಚಿ, ತಿರುಪುಗಳನ್ನು ಹಳೆ ಡಬ್ಬಿಗಳಲ್ಲಿ ಹಾಕಿಟ್ಟಿದ್ದಾರೆ. ಗಾಜಿಗೆಲ್ಲ ಹಳೆಯ ಕನ್ನಡ ಪೇಪರು ಅಂಟಿಸಿದೆ. ಮುಂದಿನ ಗಾಜಿನ ಮೇಲೆ ಯಾವುದೋ ಚುನಾವಣೆಯ ಸುದ್ದಿ ತಲೆಕೆಳಗಾಗಿ ನಿಂತಿದೆ. ಮೊಣಕಾಲೂರಿ ಕೂತ ಹುಡುಗನ ಒಂದು ಕೈಯಲ್ಲಿ ರಬ್ಬರ್ ಬ್ಲಾಕಿಗೆ ಸುತ್ತಿದ ನೀರಕಾಗದ, ಇನ್ನೊಂದು ಕೈಯಲ್ಲಿ ನೀರಿನ ಮಗ್ಗು. ಐದಾರು ಸಲ ತಿಕ್ಕುತ್ತಾನೆ, ನೀರು ಚೆಲ್ಲುತ್ತಾನೆ, ಬೂದು ಬಣ್ಣದ ರಾಡಿ ಇಳಿದುಹೋಗುತ್ತದೆ. ಆಮೇಲೆ ಕಣ್ಣು ಮುಚ್ಚಿ, ಕೂಸಿನ ಜ್ವರ ನೋಡುವವರ ಹಾಗೆ ಅಂಗೈಯನ್ನು ಅಡ್ಡಡ್ಡ ಆಡಿಸುತ್ತಾನೆ. ಕಣ್ಣಿಗೆ ಕಾಣದ ತಗ್ಗು ಅಂಗೈಗೆ ತಿಳಿಯುತ್ತದೆ. ಸಿಕ್ಕಿದ ಕಡೆ ಪೆನ್ಸಿಲ್ಲಿನಿಂದ ಒಂದು ಸುತ್ತು ಹಾಕಿ ಮತ್ತೆ ತಿಕ್ಕಲು ಕೂರುತ್ತಾನೆ.

‘ಬಣ್ಣಾ ಹೊಡಿಯೂದು ತಾಸಿನ ಕೆಲಸ ರೀ. ತಿಕ್ಕೂದ ನಾಕ ದಿನದ್ದು. ಗಿರಾಕಿ ಬಂದು ತಿಕ್ಕೂದು ನೋಡಂಗಿಲ್ಲ, ಬಣ್ಣಾ ಅಷ್ಟ ನೋಡತಾರ’ ಎನ್ನುತ್ತಾರೆ ಮಿಸ್ತ್ರಿ, ತಟ್ಟೆಯಷ್ಟಗಲದ ತಗಡಿನ ಮೇಲೆ ಪುಟ್ಟಿ ಕಲಸುತ್ತ. ಬೂದು ಪುಟ್ಟಿಗೆ ಟ್ಯೂಬಿನಿಂದ ಕೆಂಪು ಹಾರ್ಡನರ್ ಹಿಂಡುವಾಗ ಅವರ ಕೈ ಬಲು ಬಿಗಿ. ನೂರಕ್ಕೆ ಎರಡು ಪಾಲು ಸಾಕು. ಹೆಚ್ಚಾದರೆ ಆ ಕೆಂಪು ಮುಂದೊಂದು ದಿನ ಬಿಳಿ ಬಣ್ಣದೊಳಗಿಂದ ಕಲೆಯಾಗಿ ಹೊರಗೆ ಬರುತ್ತದೆ, ಕಡಿಮೆಯಾದರೆ ಪುಟ್ಟಿ ಗಟ್ಟಿಯಾಗುವುದೇ ಇಲ್ಲ. ಬೇಸಿಗೆಯಲ್ಲಂತೂ ಕಲಸಿದ್ದು ನಾಲ್ಕೈದು ನಿಮಿಷದಲ್ಲೇ ಬಿರುಸಾಗುತ್ತದೆ, ಅಷ್ಟರಲ್ಲಿ ಎಳೆದು ಮುಗಿಸಬೇಕು. ತಗಡಿನ ತಗ್ಗನ್ನು ಮೊದಲು ಬಡಿದು ಎತ್ತಿ, ಉಳಿದ ಎರಡು ಮೂರು ಮಿಲಿಮೀಟರಿಗಷ್ಟೇ ಪುಟ್ಟಿ ಹಚ್ಚುವುದು ಕ್ರಮ. ಬಡಿಯುವ ಶ್ರಮ ಬೇಡವೆಂದು ತಗ್ಗಿನ ತುಂಬ ಪುಟ್ಟಿ ಮೆತ್ತಿದರೆ, ನಮ್ಮ ರಸ್ತೆಯ ಕುಲುಕಾಟಕ್ಕೆ ಅದು ಬಿರುಕು ಬಿಡಲು ಎಷ್ಟು ಹೊತ್ತು! ಇದನ್ನು ಕಂಡುಹಿಡಿಯಲು ದೊಡ್ಡ ಯಂತ್ರವೇನೂ ಬೇಡ. ಆ ಅಂಗಡಿಯಲ್ಲಿ ಮುಗಿದು ನಿಂತ ಗಾಡಿಗೆ, ಒಡೆಯನ ಅಪ್ಪಣೆ ಕೇಳಿ, ತೆಳು ಬಟ್ಟೆ ಸುತ್ತಿದ ಸಣ್ಣ ಅಯಸ್ಕಾಂತ ಹಿಡಿದು ನೋಡಿ. ತಗಡಿನ ಬಾಗಿಲಿಗೆ ಒಂದು ಕಡೆ ಅಂಟಿ ಇನ್ನೊಂದು ಕಡೆ ಜಾರಿದರೆ, ಜಾರಿದ ಕಡೆ ಇರುವುದು ಪುಟ್ಟಿಯ ಗುಡ್ಡೆ. ಬಣ್ಣವೊಂದಕ್ಕೇ ಅಯಸ್ಕಾಂತ ಜಾರದು: ಕಾರ್ಖಾನೆಯಿಂದ ಬರುವ ಹೊಸ ಕಾರಿನ ಮೈಮೇಲೆ ಪ್ರೈಮರ್, ಬಣ್ಣ, ಕ್ಲಿಯರ್ ಎಲ್ಲ ಪದರ ಸೇರಿ 100ರಿಂದ 130 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಎಂಟನೇ ಒಂದು ಭಾಗದ ಆಸುಪಾಸು ಅಷ್ಟೇ.

ಗೋಡೆಗೆ ಆನಿಸಿಟ್ಟ ತಿಕ್ಕುವ ಕಾಗದದ ಕಟ್ಟುಗಳನ್ನೂ ನೋಡಿ. ಒರಟಾದ 80ರಿಂದ ಹಿಡಿದು 220, 400, 800, ಕೊನೆಗೆ ಪಾಲಿಶ್‌ಗೆ ಮುಂಚಿನ 2000ದವರೆಗೆ ಹಿಂಬದಿಯಲ್ಲಿ ನಂಬರು ಅಚ್ಚಾಗಿರುತ್ತದೆ. ನಡುವಿನ ನಂಬರುಗಳೇ ಇಲ್ಲದ ಅಂಗಡಿಯಲ್ಲಿ ಒರಟು ಕಾಗದದ ಗೀರು ಬಣ್ಣದ ಕೆಳಗೆ ಹಾಗೇ ಉಳಿದು, ಬಿಸಿಲಿಗೆ ಬಂದಾಗ ಎದ್ದು ಕಾಣುತ್ತದೆ.

ಇದೇ ಜಿಲ್ಲೆಯ ಇಂಡಿ ಪಟ್ಟಣದ ಕಡೆಯ ಕಥೆ ಬೇರೆ. ಭೌಗೋಳಿಕ ಸೂಚ್ಯಂಕದ ಮಾನ್ಯತೆ ಪಡೆದ ನಿಂಬೆಯ ನಾಡದು. ತೋಟದ ದಾರಿಯಲ್ಲಿ ನಿಂಬೆ ಮುಳ್ಳು, ಜಾಲಿ ಮುಳ್ಳು ಎರಡೂ ಬದಿಗೆ ಕೆರೆದ ಗೀರು ಹೊತ್ತೇ ಗಾಡಿಗಳು ಬರುತ್ತವೆ. ಒಂದೇ ಬಾಗಿಲಿಗೆ ಬಣ್ಣ ಹೊಡೆಯುವುದು ಇಡೀ ಗಾಡಿಗೆ ಹೊಡೆಯುವುದಕ್ಕಿಂತ ಕಷ್ಟ, ಯಾಕೆಂದರೆ ಹಳೆಯದು ಪಕ್ಕದಲ್ಲೇ ನಿಂತಿರುತ್ತದೆ. ಬಿಳಿ ಎಂದರೆ ಒಂದೇ ಬಿಳಿಯಲ್ಲ. ಮಾರುತಿಯ ಸಾದಾ ಬಿಳಿಗೆ 26ಯು, ಮುತ್ತಿನ ಹೊಳಪಿನ ಬಿಳಿಗೆ ಝಡ್‌ಎಚ್‌ಜೆ, ಬೆಳ್ಳಿ ಬಣ್ಣಕ್ಕೆ ಝಡ್2ಎಸ್ ಎಂಬ ಗುರುತುಗಳಿವೆ. ಬಾನೆಟ್ಟಿನ ಕೆಳಗೋ ಬಾಗಿಲ ಕಂಬಕ್ಕೋ ಇರುವ ಪಟ್ಟಿಯಲ್ಲಿ ಇಂಥ ಕೋಡ್ ಸಿಗುತ್ತದೆ. ಒಳ್ಳೆಯ ಮಿಸ್ತ್ರಿ ಮೊದಲು ಅದನ್ನು ಹುಡುಕುತ್ತಾನೆ. ಆಮೇಲೂ ಅದನ್ನೇ ನಂಬಿ ಕೂರುವುದಿಲ್ಲ. ಏಳೆಂಟು ಬೇಸಿಗೆ ಕಂಡ ಬಣ್ಣ ಕೋಡಿನ ಬಣ್ಣವಾಗಿ ಉಳಿದಿರುವುದಿಲ್ಲ. ಒಂದು ತುಂಡು ತಗಡಿಗೆ ಹೊಡೆದು, ಒಣಗಿಸಿ, ಹೊರಗೆ ಬಿಸಿಲಿಗೆ ತಂದು ಬಾಗಿಲಿಗೆ ಹಿಡಿಯುತ್ತಾನೆ. ಹನಿ ಕಪ್ಪು, ಹನಿ ಹಳದಿ ಕೂಡಿಸಿ ಮತ್ತೆ ಹೊಡೆಯುತ್ತಾನೆ. ಬೆಳ್ಳಿ ಬಣ್ಣವಾದರೆ ಪಕ್ಕದ ಬಾಗಿಲಿನ ಅರ್ಧದವರೆಗೆ ತೆಳುವಾಗಿ ಹರಡಿ ಗಡಿ ಮರೆಸುತ್ತಾನೆ. ಶೆಡ್ಡಿನ ಟ್ಯೂಬ್‌ಲೈಟಿನ ಕೆಳಗೇ ‘ಮ್ಯಾಚ್ ಆತು ನೋಡ್ರಿ’ ಎಂದವರ ಮಾತನ್ನು ನಾನಂತೂ ನೆಚ್ಚುವುದಿಲ್ಲ.

ಬಸವನ ಬಾಗೇವಾಡಿಯಲ್ಲಿ ಕೇಳಬೇಕಾದದ್ದು ಗಾಳಿಯ ಮಾತು. ಸುತ್ತ ಎರೆಭೂಮಿ. ಆಷಾಢದ ಗಾಳಿಗೆ ಒಣ ದೂಳು ತಾನಾಗಿ ಏಳುತ್ತದೆ, ಜೊತೆಗೆ ಹೆದ್ದಾರಿಯ ಲಾರಿಗಳ ದೂಳು ಬೇರೆ. ಕಂಪನಿಯ ಬೂತಿನಲ್ಲಾದರೆ ಸೋಸಿದ ಗಾಳಿ ಬಿಟ್ಟು, ಹೊಡೆದ ಬಣ್ಣವನ್ನು 60 ಡಿಗ್ರಿಯ ಶಾಖದಲ್ಲಿ ಅರ್ಧ ತಾಸು ಬೇಯಿಸುತ್ತಾರೆ. ಬೂತೇ ಬೇಕೆಂದವರು ವಿಜಯಪುರಕ್ಕೋ ಸೊಲ್ಲಾಪುರಕ್ಕೋ ಗಾಡಿ ಒಯ್ಯುತ್ತಾರೆ. ಶಾಖಕ್ಕೇನು, ನಮ್ಮ ಏಪ್ರಿಲ್ ಬಿಸಿಲಿಗೆ ಕಪ್ಪು ಕಾರಿನ ನೆತ್ತಿ ತಾನೇ ಅಷ್ಟು ಕಾಯುತ್ತದೆ. ಕೊರತೆ ಇರುವುದು ದೂಳಿಲ್ಲದ ಗಾಳಿಗೆ. ಬೂತಿಲ್ಲದ ಜಾಣ ಮಿಸ್ತ್ರಿ ನಾಲ್ಕೂ ಕಡೆ ಪ್ಲಾಸ್ಟಿಕ್ ಪರದೆ ಇಳಿಬಿಟ್ಟು, ನೆಲಕ್ಕೆ ನೀರು ಹೊಡೆದು, ಗಾಳಿ ಏಳುವ ಮುಂಚೆ ನಸುಕಿನಲ್ಲೇ ಗನ್ ಹಿಡಿಯುತ್ತಾನೆ. ಕಂಪ್ರೆಸರಿನ ಪೈಪಿಗೆ ನೀರು ಹಿಡಿಯುವ ಬಟ್ಟಲು ಇದೆಯೇ ಎಂದೂ ನೋಡಿ. ಅದಿಲ್ಲದಿದ್ದರೆ ಗಾಳಿಯ ಜೊತೆ ಬಂದ ತೇವ, ಎಣ್ಣೆ ಬಣ್ಣದಲ್ಲಿ ಗುಳ್ಳೆ, ತೂತು ಮಾಡುತ್ತವೆ.

ಯಾವ ಬಣ್ಣ ಹೊಡೆಯುತ್ತೀರಿ ಎಂದು ಕೇಳಿದರೆ ಎನ್‌ಸಿ (ನೈಟ್ರೊಸೆಲ್ಯುಲೋಸ್), ಪಿಯು (ಪಾಲಿಯುರೆಥೇನ್) ಎಂಬ ಎರಡು ಮಾತು ಬರುತ್ತವೆ. ಎನ್‌ಸಿ ಅಗ್ಗ, ಥಿನ್ನರ್ ಆರಿದರೆ ಒಣಗಿತು. ಆದರೆ ಈ ಬಿಸಿಲಿಗೆ ಬೇಗ ಮಂಕಾಗುತ್ತದೆ. ಪಿಯುಗೆ ಹಾರ್ಡನರ್ ಬೆರೆಸಬೇಕು, ಖರ್ಚು ಹೆಚ್ಚು, ಹೊಳಪು ವರ್ಷಗಟ್ಟಲೆ ನಿಲ್ಲುತ್ತದೆ. ಪಿಯು ರೊಕ್ಕ ಕೊಟ್ಟರೆ ಡಬ್ಬಿ ನಿಮ್ಮೆದುರು ಒಡೆಯಲಿ, ಬಿಲ್ಲಿನಲ್ಲೂ ಅದೇ ಬರೆಯಲಿ. ಆ ಹಾರ್ಡನರಿನಲ್ಲಿ ಐಸೊಸಯನೇಟ್ ಇರುತ್ತದೆ, ಉಸಿರಿಗೆ ಸೇರಿದರೆ ಅಸ್ತಮಾ ಹಿಡಿಸುವಂಥದ್ದು. ಮೂಗಿಗೆ ಟವೆಲ್ ಕಟ್ಟಿಕೊಂಡರೆ ಅದು ನಿಲ್ಲುವುದಿಲ್ಲ, ಕಡೆಪಕ್ಷ ಫಿಲ್ಟರ್ ಇರುವ ಮುಖವಾಡವಾದರೂ ಬೇಕು. ಕೆಲಸದ ಹುಡುಗರಿಗೆ ಅದನ್ನು ಕೊಡಿಸಿದ ಅಂಗಡಿಗೆ ನನ್ನ ಮೊದಲ ಓಟು.

ಮುದ್ದೇಬಿಹಾಳದಂಥ ಕಡೆ ಹಳೆ ಜೀಪಿನ ಮೋಹ ಇನ್ನೂ ಹೋಗಿಲ್ಲ. ಮಿಲಿಟರಿ ಹಸಿರು ಹೊಡೆಸುವ ಆಸೆಯಿದ್ದರೆ ಈಗಲೇ ಕೈಬಿಡಿ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 121ನೇ ನಿಯಮದಂತೆ ಆ ಬಣ್ಣ ರಕ್ಷಣಾ ಇಲಾಖೆಯ ಗಾಡಿಗಳಿಗೆ ಮಾತ್ರ. ಬೇರೆ ಬಣ್ಣಕ್ಕೆ ಬದಲಾಯಿಸುವುದಾದರೂ ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ, ಆರ್‌ಸಿಯಲ್ಲಿ ಹೊಸ ಬಣ್ಣ ಬರೆಸಿಕೊಳ್ಳಬೇಕು.

ಹೊತ್ತನ್ನೂ ನೋಡಿಕೊಳ್ಳಿ. ಆಯುಧಪೂಜೆಯ ಹಿಂದುಮುಂದು, ಸಕ್ಕರೆ ಕಾರ್ಖಾನೆಗಳು ಕಬ್ಬು ಅರೆಯಲು ಶುರುಮಾಡುವ ಮುಂಚೆ, ಈ ಶೆಡ್ಡುಗಳ ಮುಂದೆ ಟ್ರ್ಯಾಕ್ಟರ್ ಟ್ರಾಲಿಗಳ ಪಾಳಿ ನಿಂತಿರುತ್ತದೆ. ಆ ಗಡಿಬಿಡಿಯಲ್ಲಿ ಕೊಟ್ಟ ಕಾರಿಗೆ ನಾಲ್ಕು ದಿನ ತಿಕ್ಕುವ ಪುರಸೊತ್ತು ಯಾರಿಗಿದೆ? ಕೊಡುವ ಮೊದಲು, ಅದೇ ಅಂಗಡಿಯಲ್ಲಿ ಎರಡು ವರ್ಷದ ಹಿಂದೆ ಬಣ್ಣ ಕಂಡ ಗಾಡಿಯೊಂದನ್ನು ತೋರಿಸಿ ಎನ್ನಿ. ಮಿಸ್ತ್ರಿ ಹಿಂದೆಮುಂದೆ ನೋಡದೆ ‘ಸಂತಿ ದಿನಾ ಬರತೈತಿ, ಬಂದು ನೋಡ್ರಿ’ ಎಂದರೆ ಅರ್ಧ ವ್ಯಾಪಾರ ಮುಗಿಯಿತು. ಗಾಡಿ ತರಲು ಮಾತ್ರ ಸಂಜೆ ಹೋಗಬೇಡಿ. ಬೆಳಿಗ್ಗೆ ಹೋಗಿ, ಶೆಡ್ಡಿನಿಂದ ಹೊರಗೆ ಬಿಸಿಲಿಗೆ ತರಿಸಿ, ಒಂದು ಸುತ್ತು ಹಾಕಿ, ಬಾಗಿಲ ಸಂದು, ರಬ್ಬರು, ಟೈರಿಗೆ ಬಣ್ಣ ಸಿಡಿದಿದೆಯೇ ನೋಡಿ, ಆಮೇಲೆ ಉಳಿದ ರೊಕ್ಕ ಕೊಡಿ.